ಇತಿಹಾಸದ ಪಾಠವೂ ಮಕ್ಕಳ ಕೈಕೆಲಸವೂ

(ಇಗರ್ಜಿಯ ಶತಮಾನೋತ್ಸವದ ಅಂಗವಾಗಿ ನೆರೆಯ ಧರ್ಮಕೇಂದ್ರಗಳ ಶಾಲಾ ಅಧ್ಯಾಪಕರಿಗಾಗಿ ಏರ್ಪಡಿಸಿದ್ದ ಕೂಟದಲ್ಲಿ ನೀಡಿದ ಉಪನ್ಯಾಸದ ಪಾಠ)



ಇತಿಹಾಸದ ತರಗತಿಯಲ್ಲಿ ಹೊಸ ಯಂತ್ರೋಪಕರಣಗಳನ್ನೂ ಮಕ್ಕಳ ಸೃಜನಾತ್ಮಕ ಕೆಲಸಗಳನ್ನೂ ಹೇಗೆ ಬಳಸಿಕೊಳ್ಳಬಹುದೆಂಬ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಶತಮಾನೋತ್ಸವ ಸಮಿತಿಯವರು ನಮಗೆ ಅಪ್ಪಣೆ ಮಾಡಿದ್ದಾರೆ. ಮೊಬೈಲಿನ ಅಕ್ಷರಗಳನ್ನು ಓದಬೇಕಾದರೆ ಕನ್ನಡಕವನ್ನು ಹಣೆಗೇರಿಸಿ, ಅದನ್ನು ಮೂಗಿನ ತುದಿಗೆ ಹಿಡಿಯಬೇಕಾದ ವಯಸ್ಸು ನಮ್ಮದು. ಆದುದರಿಂದ ಯಂತ್ರಗಳ ವಿಷಯದಲ್ಲಿ ಉಪದೇಶಿಸುವ ಯೋಗ್ಯತೆ ನಮಗಿಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ. ಶಾಲೆಯ ಸಂಚಾಲಕರಾಗಿ ಕಳೆದ ವರ್ಷ ಕಣ್ಣಾರೆ ಕಂಡ ಒಂದೇ ಒಂದು ಪ್ರಸಂಗವನ್ನು ತಮ್ಮ ಮುಂದಿಡುತ್ತೇವೆ. ಅದರಲ್ಲಿ ನಮ್ಮದೇ ಒಂದು ತಪ್ಪೂ ಇದೆ. ಅದನ್ನು ಮುಚ್ಚಿಟ್ಟರೆ ಪ್ರಸಂಗಕ್ಕೆ ಅರ್ಥವಿರುವುದಿಲ್ಲ.

ಗಲ್ಫ್ ದೇಶಗಳಲ್ಲಿ ದುಡಿಯುತ್ತಿರುವ ನಮ್ಮ ಧರ್ಮಕೇಂದ್ರದ ಮಕ್ಕಳು ಕೆಲವು ವರ್ಷಗಳ ಹಿಂದೆ ಶಾಲೆಗೆ ಒಂದು ಪ್ರೊಜೆಕ್ಟರನ್ನೂ ಎರಡು ಕಂಪ್ಯೂಟರುಗಳನ್ನೂ ದಾನವಾಗಿ ಕೊಟ್ಟರು. ಅವರ ಔದಾರ್ಯಕ್ಕೆ ನಾವು ಚಿರಋಣಿಗಳು. ಆದರೆ ಮೊದಲ ವರ್ಷ ಅದರಿಂದ ಇತಿಹಾಸದ ಪಾಠಕ್ಕೆ ಆದ ಉಪಕಾರ ಅಷ್ಟಕ್ಕಷ್ಟೇ. ಕಿಟಕಿಗಳನ್ನು ಮುಚ್ಚಿ, ಕೋಣೆಯನ್ನು ಕತ್ತಲು ಮಾಡಿ, ಕೋಟೆಗಳ ಚಿತ್ರಗಳನ್ನು ಒಂದರ ಹಿಂದೊಂದು ತೋರಿಸಲಾಯಿತು. ಮಧ್ಯಾಹ್ನದ ಊಟದ ಮೇಲಿನ ಪಿರಿಯಡ್ಡು. ಅರ್ಧ ತರಗತಿ ನಿದ್ದೆ ಹೋಯಿತು. ನಾವು ವಿದ್ಯಾರ್ಥಿಯಾಗಿದ್ದಾಗ ನಮ್ಮ ಇತಿಹಾಸದ ಮೇಷ್ಟ್ರು ಸೀಮೆಸುಣ್ಣದಿಂದ ಕರಿಹಲಗೆಯ ಮೇಲೆ ಭಾರತದ ನಕ್ಷೆಯನ್ನು ಕೈಬಿಡದೆ ಒಂದೇ ಗೆರೆಯಲ್ಲಿ ಬರೆಯುತ್ತಿದ್ದರು. ಆಗ ನಾವು ಯಾರೂ ನಿದ್ದೆ ಮಾಡಿದ್ದಿಲ್ಲ. ಆ ಗೆರೆ ಕನ್ಯಾಕುಮಾರಿಯಲ್ಲಿ ಸರಿಯಾಗಿ ತಿರುಗುವುದೋ ಇಲ್ಲವೋ ಎಂದು ಉಸಿರು ಬಿಗಿಹಿಡಿದು ನೋಡುತ್ತಿದ್ದೆವು.

ಇನ್ನು ಪ್ರಸಂಗಕ್ಕೆ ಬರೋಣ. ಹತ್ತನೆಯ ತರಗತಿಯಲ್ಲಿ ಮೈಸೂರು ಯುದ್ಧಗಳ ಪಾಠವಿದೆ. 1784ರ ಜನವರಿ 30ರಂದು ಇಂಗ್ಲಿಷರ ದಂಡು ಮಂಗಳೂರಿನ ಕೋಟೆಯನ್ನು ಟಿಪ್ಪು ಸುಲ್ತಾನನಿಗೆ ಬಿಟ್ಟುಕೊಟ್ಟಿತು. ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು. ಪಠ್ಯಪುಸ್ತಕ ಒಪ್ಪಂದದ ಮಾತು ಹೇಳಿ ಮುಂದಕ್ಕೆ ಹೋಗುತ್ತದೆ. ಆದರೆ ಈ ಎರಡು ದಿನಾಂಕಗಳ ನಡುವೆ ಕೆನರಾ ಪ್ರಾಂತ್ಯದ ಕ್ರೈಸ್ತರ ಮೇಲೆ ಬಂದೆರಗಿದ ಸೆರೆವಾಸವನ್ನು ನಮ್ಮ ಮನೆಗಳು ಮರೆತಿಲ್ಲ. ಇಂಗ್ಲಿಷರಿಗೆ ನೆರವಾದರೆಂಬ ಆಪಾದನೆಯ ಮೇಲೆ ಕುಟುಂಬ ಕುಟುಂಬಗಳನ್ನೇ ಹಿಡಿದು, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ನಡೆಸಿದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರು ಹಿಂದಿರುಗಿದರು. ನಮ್ಮ ಅಜ್ಜಿಯಂದಿರು ಕೊಂಕಣಿಯಲ್ಲಿ ಈ ಕಥೆಯನ್ನು ಹೇಳುತ್ತಿದ್ದುದು ತಮಗೆಲ್ಲ ನೆನಪಿರಬಹುದು.

ಆ ಪಾಠ ಆರಂಭವಾದ ವಾರ ಒಬ್ಬ ಹುಡುಗ ಮನೆಯ ಮೊಬೈಲಿಗೆ ಬಂದಿದ್ದ ಒಂದು ವಿಡಿಯೋವನ್ನು ತರಗತಿಯಲ್ಲಿ ಹರಡಿದ. ಯಾರು ಮಾಡಿದ್ದೋ ತಿಳಿಯದು. ಸೆರೆಯಾದವರು ಲಕ್ಷಾಂತರ ಮಂದಿಯೆಂದು ಅದರಲ್ಲಿ ಹೇಳಲಾಗಿತ್ತು. ತೋರಿಸಿದ ಚಿತ್ರಗಳೋ ಯಾವುದೋ ಪರದೇಶದ ಸಿನೆಮಾದವು. ಮರಳುಗಾಡಿನಲ್ಲಿ ಒಂಟೆಗಳು ಸಾಗುತ್ತಿದ್ದವು. ನಮ್ಮ ಘಟ್ಟದಲ್ಲಿ ಮರಳುಗಾಡೆಲ್ಲಿಂದ ಬಂತೆಂದು ಒಬ್ಬ ಮಗುವಾದರೂ ಕೇಳಲಿಲ್ಲ! ಕೊನೆಗೆ ಇಂದಿನ ಒಂದು ಸಮುದಾಯದವರ ಮೇಲೆ ಹಗೆ ಸಾಧಿಸಬೇಕೆಂಬ ಮಾತು. ಆ ತರಗತಿಯಲ್ಲಿ ಒಬ್ಬಳು ಮುಸಲ್ಮಾನ ಬಾಲಿಕೆ ಇದ್ದಾಳೆ. ಜಾಣೆ, ಮಾತುಗಾರ್ತಿ. ಅಂದಿನಿಂದ ಅವಳು ಮಾತು ನಿಲ್ಲಿಸಿದಳು. ಊಟದ ಡಬ್ಬಿಯನ್ನು ಒಬ್ಬಳೇ ಬಿಚ್ಚತೊಡಗಿದಳು.

ಇತಿಹಾಸದ ಅಧ್ಯಾಪಿಕೆ ಅಂದು ಸಂಜೆ ನಮ್ಮ ನಿವಾಸಕ್ಕೆ ಬಂದು, "ಫಾದರ್, ಏನು ಮಾಡಲಿ?" ಎಂದರು. ನಾವು ಹೆಚ್ಚು ಯೋಚಿಸದೆ, "ಆ ವಿಷಯವನ್ನು ಬಿಟ್ಟುಬಿಡಿ ಟೀಚರ್, ಪರೀಕ್ಷೆಗೆ ಕೇಳುವುದಿಲ್ಲವಷ್ಟೆ, ಮುಂದಿನ ಪಾಠಕ್ಕೆ ಹೋಗಿ" ಎಂದೆವು. ಶಾಂತಿ ಕಾಪಾಡುವ ಉಪಾಯವೆಂದು ನಾವು ಭಾವಿಸಿದ್ದೆವು. ಅವರು ತಲೆ ತಗ್ಗಿಸಿ ಹೊರಟುಹೋದರು. ಎರಡು ದಿನ ಬಿಟ್ಟು ಮತ್ತೆ ಬಂದರು. ಅಂದು ಅವರು ಹೇಳಿದ ಮಾತು ನಮ್ಮನ್ನು ನಾಚಿಸಿತು: "ಫಾದರ್, ನಾನು ಬಿಟ್ಟರೆ ಆ ವಿಡಿಯೋ ಮಾತ್ರ ಪಾಠ ಮಾಡಿದ ಹಾಗಾಗುತ್ತದೆ. ಮಕ್ಕಳೇ ಹುಡುಕಲಿ. ನನಗೆ ಮೂರು ವಾರ ಕೊಡಿ. ಆ ಪ್ರೊಜೆಕ್ಟರನ್ನೂ ಕೊಡಿ."

ಅವರು ಮಕ್ಕಳನ್ನು ನಾಲ್ಕು ಗುಂಪು ಮಾಡಿದರು. ಯಾವ ದಿನ, ಎಷ್ಟು ಜನ, ಯಾವ ದಾರಿ, ಆಮೇಲೆ ಏನಾಯಿತು ಎಂಬುದಾಗಿ ಗುಂಪಿಗೊಂದು ಪ್ರಶ್ನೆ. ನಿಯಮ ಒಂದೇ: ಯಾವ ಮಾತನ್ನು ಬರೆದರೂ ಅದನ್ನು ಮೊದಲು ಯಾರು, ಯಾವಾಗ ಬರೆದರು ಎಂಬುದನ್ನೂ ಪಕ್ಕದಲ್ಲಿ ಬರೆಯಬೇಕು. ತಿಳಿಯದಿದ್ದರೆ ಅಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಬೇಕು. ಮೊದಲ ವಾರದ ಅಂತ್ಯಕ್ಕೆ ಗೋಡೆಯ ಮೇಲಿನ ಹಾಳೆಗಳ ತುಂಬ ಪ್ರಶ್ನಾರ್ಥಕ ಚಿಹ್ನೆಗಳೇ.

ದಿನದ ಗುಂಪಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಅಲ್ಲಿ ನಮಗೂ ಪಾಲಿತ್ತು. ಸೆರೆ ಹಿಡಿದದ್ದು 1784ರ ಫೆಬ್ರವರಿ 24, ವಿಭೂತಿ ಬುಧವಾರ ಎಂದು ಅನೇಕ ಬರಹಗಳಲ್ಲಿ ಅಚ್ಚಾಗಿದೆ. ನಾವೂ ಪ್ರವಚನಗಳಲ್ಲಿ ಹಾಗೆಯೇ ಹೇಳುತ್ತ ಬಂದವರು. ಗುಂಪಿನ ಒಬ್ಬ ಹುಡುಗ ಆಟಕ್ಕೆಂಬಂತೆ ಕಂಪ್ಯೂಟರಿನಲ್ಲಿ 1784ರ ಪಂಚಾಂಗವನ್ನು ತೆಗೆದು ನೋಡಿದ. ಫೆಬ್ರವರಿ 24 ಮಂಗಳವಾರವಾಗಿತ್ತು! ಓಡುತ್ತ ನಮ್ಮ ಬಳಿಗೆ ಬಂದ. ಯಂತ್ರ ತಪ್ಪಿರಬೇಕೆಂದು ನಾವು ಹೇಳಿದೆವು. ಹಿರಿಯರ ಬಾಯಿಗೆ ಮೊದಲು ಬರುವ ಮಾತು ಅದೇ ಅಲ್ಲವೇ?

ಅಂದು ರಾತ್ರಿ ನಿದ್ದೆ ಹತ್ತಲಿಲ್ಲ. ಸಕ್ರಿಸ್ತಿಯ ಕಪಾಟಿನಲ್ಲಿ ಹಳೆಯ ಲತೀನ್ ಪೂಜಾಗ್ರಂಥವೊಂದಿದೆ. ಅದರ ಮೊದಲ ಪುಟಗಳಲ್ಲಿ ಪಾಸ್ಖ ಹಬ್ಬದ ದಿನವನ್ನು ಲೆಕ್ಕ ಹಾಕುವ ಕೋಷ್ಟಕಗಳಿವೆ. ಗುರುಮಠದಲ್ಲಿ ನಮಗೆ ಇದನ್ನು ಕಲಿಸಿದ ವೃದ್ಧ ಗುರುಗಳು, ಮುಂದೆ ಎಂದಾದರೂ ಉಪಯೋಗಕ್ಕೆ ಬಂದೀತು ಎನ್ನುತ್ತಿದ್ದರು. ನಾವು ಒಳಗೊಳಗೇ ನಗುತ್ತಿದ್ದೆವು. ಧೂಳು ಒರೆಸಿ ಕುಳಿತೆವು. 1784ನ್ನು 19ರಿಂದ ಭಾಗಿಸಿದರೆ ಶೇಷ 17. ಒಂದು ಕೂಡಿಸಿದರೆ ಸುವರ್ಣ ಸಂಖ್ಯೆ 18. ಅದಕ್ಕೆ ಆ ಶತಮಾನದಲ್ಲಿ ಸಲ್ಲುವ ಎಪ್ಯಾಕ್ಟ್ 7. ಅದರಂತೆ ಪಾಸ್ಖದ ಹುಣ್ಣಿಮೆ ಏಪ್ರಿಲ್ 6ಕ್ಕೆ ಬೀಳುತ್ತದೆ. ಅದರ ಮುಂದಿನ ಭಾನುವಾರ ಏಪ್ರಿಲ್ 11. ಆ ವರ್ಷದ ಪಾಸ್ಖ ಹಬ್ಬ ಅಂದೇ. ವಿಭೂತಿ ಬುಧವಾರವೆಂದರೆ ಹಬ್ಬಕ್ಕೆ ನಲವತ್ತಾರು ದಿನ ಹಿಂದೆ: ನಲವತ್ತು ಉಪವಾಸದ ದಿನಗಳು, ಆರು ಭಾನುವಾರಗಳು. ಏಪ್ರಿಲಿನ ಹನ್ನೊಂದು ದಿನ, ಮಾರ್ಚಿನ ಮೂವತ್ತೊಂದು ದಿನ ಹಿಂದಕ್ಕೆ ಹೋದರೆ ನಲವತ್ತೆರಡಾಯಿತು. ಫೆಬ್ರವರಿಯ ಕೊನೆಯ ದಿನಕ್ಕೆ ಬಂದು ನಿಂತೆವು. ಇನ್ನು ನಾಲ್ಕು ದಿನ ಹಿಂದೆ. 1784 ಅಧಿಕ ವರ್ಷ, ಫೆಬ್ರವರಿಗೆ 29 ದಿನ. ಆದುದರಿಂದ 25. ಹುಡುಗನ ಯಂತ್ರ ತಪ್ಪಿರಲಿಲ್ಲ.

ಬೆಳಿಗ್ಗೆ ಪೂಜೆಯಾದೊಡನೆ ತರಗತಿಗೆ ಹೋಗಿ ಕರಿಹಲಗೆಯ ಮೇಲೆ ಈ ಲೆಕ್ಕವನ್ನು ಬರೆದೆವು. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಗಣಿತದಲ್ಲಿ ಅಷ್ಟೇನೂ ಮುಂದಿಲ್ಲದವಳು, ಎದ್ದು ನಿಂತು, "ಫಾದರ್, ಫೆಬ್ರವರಿಗೆ ಇಪ್ಪತ್ತೆಂಟೇ ದಿನ ಅಂತ ಲೆಕ್ಕ ಹಾಕಿದರೆ 24 ಬರುತ್ತದೆ" ಎಂದಳು. ತರಗತಿ ನಿಶ್ಶಬ್ದವಾಯಿತು. ಹಿಂದೆ ಎಂದೋ ಯಾರೋ ಒಬ್ಬರು ಪಾಸ್ಖದಿಂದ ಹಿಂದಕ್ಕೆ ಎಣಿಸುವಾಗ ಅಧಿಕ ದಿನವನ್ನು ಮರೆತಿರಬೇಕು. ಮಿಕ್ಕವರೆಲ್ಲ ಅವರನ್ನು ನೋಡಿ ಬರೆದಿರಬೇಕು. ಇದೇ ಕಾರಣವೆಂದು ಆಣೆಯಿಟ್ಟು ಹೇಳಲಾರೆವು, ಊಹೆಯಷ್ಟೇ. ದಿನಾಂಕವೇ ಸರಿಯಿದ್ದು ವಾರ ತಪ್ಪಿರಲೂಬಹುದು. ಮಂಗಳವಾರ ಆರಂಭವಾದದ್ದು ಜನರ ನೆನಪಿನಲ್ಲಿ ಬುಧವಾರದ ವಿಭೂತಿಯೊಡನೆ ಬೆರೆತಿರಲೂಬಹುದು. ಎರಡೂ ಒಟ್ಟಿಗೆ ಸರಿಯಾಗಿರಲು ಮಾತ್ರ ಸಾಧ್ಯವಿಲ್ಲ. ಇನ್ನೊಬ್ಬ ಹುಡುಗ, ಆಗ ಪಂಚಾಂಗ ಬೇರೆಯಾಗಿತ್ತಲ್ಲವೇ ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಪೋರ್ಚುಗೀಸರು 1582ರಿಂದಲೇ ಗ್ರೆಗೋರಿಯನ್ ಪಂಚಾಂಗವನ್ನು ಅನುಸರಿಸುತ್ತಿದ್ದರು, ಇಂಗ್ಲಿಷರು 1752ರಿಂದ. 1784ರಲ್ಲಿ ಇಬ್ಬರದೂ ಒಂದೇ.

ಇದೇ ಪ್ರಶ್ನೆಯನ್ನು ಮಕ್ಕಳು ಈಗ ಬಂದಿರುವ ಕೃತಕ ಬುದ್ಧಿಮತ್ತೆಯ ಯಂತ್ರಕ್ಕೂ ಹಾಕಿದರು. ಅದು ಕ್ಷಣಮಾತ್ರದಲ್ಲಿ, ಅಂದವಾದ ಕನ್ನಡದಲ್ಲಿ, ಫೆಬ್ರವರಿ 24 ವಿಭೂತಿ ಬುಧವಾರ ಎಂದು ಉತ್ತರ ಕೊಟ್ಟಿತು! ಹತ್ತು ಕಡೆ ಬರೆದಿರುವುದನ್ನು ಹನ್ನೊಂದನೆಯ ಸಲ ಹೇಳಿತಷ್ಟೇ. ನಮ್ಮ ಇಗರ್ಜಿಯ ಚರಿತ್ರೆಯನ್ನು ಕೇಳಿದಾಗಲಂತೂ, ಈ ನೂರು ವರ್ಷಗಳಲ್ಲಿ ಇಲ್ಲಿ ಎಂದೂ ಇರದಿದ್ದ ಧರ್ಮಗುರುಗಳೊಬ್ಬರ ಹೆಸರನ್ನು ಹೇಳಿ ಅವರ ಗುಣಗಾನ ಮಾಡಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಆ ನಗುವಿನಲ್ಲಿ ಅವರು ಕಲಿತಷ್ಟನ್ನು ನಾವು ಒಂದು ತಿಂಗಳ ಉಪನ್ಯಾಸದಲ್ಲಿಯೂ ಕಲಿಸಲಾರೆವು. ಹತ್ತು ಮಂದಿ ಒಬ್ಬನನ್ನೇ ನೋಡಿ ಬರೆದರೆ ಸಾಕ್ಷಿ ಹತ್ತಾಗುವುದಿಲ್ಲ. ಪಂಚಾಂಗದ ಲೆಕ್ಕ ಯಾರನ್ನೂ ನೋಡಿ ಬರೆದದ್ದಲ್ಲ.

ಎರಡನೆಯದು ಸಂಖ್ಯೆಯ ಗುಂಪು. ಆ ಮುಸಲ್ಮಾನ ಬಾಲಿಕೆಯನ್ನು ಅಧ್ಯಾಪಿಕೆ ಬೇಕೆಂದೇ ಈ ಗುಂಪಿಗೆ ಹಾಕಿದ್ದರು. ನಮಗೆ ಅದು ಅಷ್ಟು ಸರಿಯೆನಿಸಿರಲಿಲ್ಲ. ಈಗ ಹಳೆಯ ಪುಸ್ತಕಗಳ ಪ್ರತಿ ಪುಟವನ್ನೂ ಛಾಯಾಚಿತ್ರ ತೆಗೆದು ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ನಾವು ಗುರುಮಠದಲ್ಲಿದ್ದಾಗ ಇಂತಹ ಒಂದು ಪುಸ್ತಕ ನೋಡಬೇಕಾದರೆ ಬೆಂಗಳೂರಿಗೋ ಮದ್ರಾಸಿಗೋ ಪತ್ರ ಬರೆದು ಕಾಯಬೇಕಾಗುತ್ತಿತ್ತು. ಹತ್ತು ವರ್ಷ ಮೈಸೂರಿನ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ನಾವಿಕನ ವೃತ್ತಾಂತ 1824ರಲ್ಲಿ ಅಚ್ಚಾಯಿತು; ಅವನು ಹೇಳುವುದು 30,000. ಟಿಪ್ಪುವಿನ ಆಸ್ಥಾನದಲ್ಲಿಯೇ ಬರೆಸಿದ ಪಾರಸಿ ಚರಿತ್ರೆಯ ಲೆಕ್ಕ 60,000. ಇನ್ನು ಕೆಲವರು 80,000ದವರೆಗೂ ಹೋಗುತ್ತಾರೆ. ಲಕ್ಷಾಂತರವೆಂದವರು ಆ ಕಾಲದವರಲ್ಲಿ ಯಾರೂ ಕಾಣಲಿಲ್ಲ.

ಸೆರೆ ಹಿಡಿದವನ ಕಡೆಯ ಲೆಕ್ಕವೇ ಸೆರೆಯಾಳಿನ ಲೆಕ್ಕಕ್ಕಿಂತ ಇಮ್ಮಡಿಯಾಗಿದೆ, ಏಕೆ? ಬಾಲಿಕೆ ತನ್ನ ಗುಂಪಿನ ಹಾಳೆಯ ಮೇಲೆ ಈ ಪ್ರಶ್ನೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು, ಕೆಳಗೆ, "ರಾಜರು ಹೆಮ್ಮೆಗಾಗಿ ಹೆಚ್ಚಿಸಿ ಬರೆಸಿರಬಹುದು" ಎಂದು ಸೇರಿಸಿದಳು. ಅದರ ಕೆಳಗೆ ಚಿಕ್ಕದಾಗಿ, "30,000 ಆದರೂ ಅದು ಸಣ್ಣದಲ್ಲ" ಎಂದು ಬರೆದಳು. ಈ ಕೊನೆಯ ಸಾಲನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ವಿಡಿಯೋ ತಂದಿದ್ದ ಹುಡುಗನೂ ಅದೇ ಗುಂಪಿನವ. ಹಾಳೆಗೆ ಗೋಂದು ಹಚ್ಚಿ ಗೋಡೆಗೆ ಅಂಟಿಸಿದವನು ಅವನೇ.

ದಾರಿಯ ಗುಂಪಿನವರು ಉಪಗ್ರಹದ ನಕ್ಷೆಯನ್ನು ಪ್ರೊಜೆಕ್ಟರಿನಲ್ಲಿ ಗೋಡೆಯ ಮೇಲೆ ಬೀಳಿಸಿ, ಆ ಬೆಳಕಿನ ಮೇಲೆ ಎರಡು ಬಿಳಿಯ ಬೆಡ್‌ಶೀಟುಗಳನ್ನು ಹೊಲಿದು ಕಟ್ಟಿ, ಕರಾವಳಿಯಿಂದ ಶ್ರೀರಂಗಪಟ್ಟಣದವರೆಗಿನ ಗೆರೆಗಳನ್ನು ಪೆನ್ಸಿಲಿನಿಂದ ತೆಗೆದುಕೊಂಡರು. ಪ್ರೊಜೆಕ್ಟರಿನ ನಿಜವಾದ ಉಪಯೋಗವನ್ನು ನಾವು ಕಂಡದ್ದು ಅಂದೇ! ಘಟ್ಟಗಳಿಗೆ ಹಸಿರು ಬಟ್ಟೆಯ ಚೂರುಗಳು, ನದಿಗಳಿಗೆ ನೀಲಿ ಉಲ್ಲನ್ ನೂಲು. ಇಂದಿನ ರಸ್ತೆಯಲ್ಲಿ ಸುಮಾರು 250 ಕಿಲೋಮೀಟರು. ಕಾರಿನಲ್ಲಿ ಆರು ಗಂಟೆಯ ಹಾದಿಯೆಂದು ಮೊಬೈಲು ಹೇಳಿತು. ಮುದುಕರು, ಬಸುರಿಯರು, ಕೈಗೂಸುಗಳಿದ್ದ ಗುಂಪು ದಿನಕ್ಕೆ ಎಷ್ಟು ನಡೆದೀತೆಂದು ತಿಳಿಯಲು ಒಂದು ಶನಿವಾರ ಮಕ್ಕಳು ಬೆನ್ನಿಗೆ ಚೀಲ ಕಟ್ಟಿಕೊಂಡು, ಗುರ್ಕಾರರೊಬ್ಬರ ಜತೆ, ಶಾಲೆಯಿಂದ ಸಂತೆಪೇಟೆಯವರೆಗೆ ನಡೆದು ಬಂದರು. ಮಾರನೆಯ ದಿನ ಅರ್ಧದಷ್ಟು ಮಕ್ಕಳು ಜ್ಞಾನೋಪದೇಶದ ತರಗತಿಗೆ ಬರಲಿಲ್ಲ. ಕಾಲು ನೋವು. ಕೆಲವು ತಾಯಂದಿರು ನಮ್ಮ ಮೇಲೆ ಕೋಪಗೊಂಡದ್ದೂ ಉಂಟು.

ನಾಲ್ಕನೆಯ ಗುಂಪು ಆಮೇಲಿನ ಕಥೆಯನ್ನು ಹುಡುಕುತ್ತ ವೀರಾಜಪೇಟೆಗೆ ಹೋಗಿ ಮುಟ್ಟಿತು. ಶ್ರೀರಂಗಪಟ್ಟಣದಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ಕೊಡಗಿನ ದೊಡ್ಡ ವೀರರಾಜೇಂದ್ರ ಆಶ್ರಯವಿತ್ತ. ಅಲ್ಲಿನ ಸಂತ ಅನ್ನಮ್ಮನವರ ಇಗರ್ಜಿ 1792ರಲ್ಲಿ ಸ್ಥಾಪನೆಯಾದದ್ದು. ಕ್ರೈಸ್ತನಲ್ಲದ ರಾಜ ಕೊಟ್ಟ ನೆಲದ ಮೇಲೆ ನಿಂತ ಇಗರ್ಜಿಯದು. ಅದೇ ಕಾಲದ ಇನ್ನೊಂದು ದಾಖಲೆಯೂ ಮಕ್ಕಳ ಕಣ್ಣಿಗೆ ಬಿತ್ತು. 1791ರಲ್ಲಿ ಮರಾಠಾ ಸೇನೆಯ ದಂಡೊಂದು ಶೃಂಗೇರಿ ಮಠವನ್ನು ಸೂರೆ ಮಾಡಿದಾಗ ಟಿಪ್ಪು ಸುಲ್ತಾನ ಅಲ್ಲಿನ ಜಗದ್ಗುರುಗಳಿಗೆ ಕನ್ನಡದಲ್ಲಿ ಪತ್ರಗಳನ್ನು ಬರೆಸಿ ನೆರವು ಕಳುಹಿಸಿದ. ಆ ಪತ್ರಗಳನ್ನು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. "ಹಾಗಾದರೆ ಅವನು ಒಳ್ಳೆಯವನೋ ಕೆಟ್ಟವನೋ?" ಎಂದು ಒಬ್ಬ ಹುಡುಗ ಕೇಳಿದ. ಅಧ್ಯಾಪಿಕೆ ಉತ್ತರಿಸಲಿಲ್ಲ. ಎರಡು ಕಾಗದಗಳನ್ನೂ ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ಅಂಟಿಸಲು ಹೇಳಿದರು. ಹುಡುಗನಿಗೆ ಸಮಾಧಾನವಾಗಲಿಲ್ಲ. ನಿಜ ಹೇಳಬೇಕೆಂದರೆ ನಮಗೂ ಪೂರ್ತಿ ಸಮಾಧಾನವಾಗಲಿಲ್ಲ. ಸೆರೆಯಲ್ಲಿ ಸತ್ತವರು ನಮ್ಮವರು. ಆದರೆ ಇದ್ದ ದಾಖಲೆಯನ್ನು ಇಲ್ಲವೆನ್ನಲಾಗದು.

ಇದರ ಜತೆಗೆ ಮನೆಮನೆಯ ಹಿರಿಯರ ಮಾತುಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸುವ ಕೆಲಸವೂ ನಡೆಯಿತು. ಅಧ್ಯಾಪಕ ಬಂಧುಗಳು ಬೇರೇನನ್ನು ಮಾಡದಿದ್ದರೂ ಇದೊಂದನ್ನು ಮಾಡಬೇಕೆಂದು ಬೇಡುತ್ತೇವೆ. ಇದಕ್ಕೆ ಖರ್ಚಿಲ್ಲ. ಫ್ಯಾನು ನಿಲ್ಲಿಸಿ, ಕೋಳಿಗಳನ್ನು ಅಂಗಳದಿಂದ ಓಡಿಸಿ, ಹಿರಿಯರಿಗೆ ಒಂದು ಲೋಟ ಕಾಫಿ ಕೊಟ್ಟು ಕೂರಿಸಿದರೆ ಸಾಕು. ಮಧ್ಯೆ ಬಾಯಿ ಹಾಕಬಾರದು. ಮುದ್ರಿಸಿದ್ದನ್ನು ಒಂದೇ ಮೊಬೈಲಿನಲ್ಲಿ ಬಿಡದೆ ಅಂದೇ ಶಾಲೆಯ ಕಂಪ್ಯೂಟರಿಗೂ ಹಾಕಬೇಕು. ಇದನ್ನು ನಾವು ಕಷ್ಟಪಟ್ಟು ಕಲಿತೆವು: ಒಬ್ಬ ಹುಡುಗನ ಮೊಬೈಲು ಬಾವಿಗೆ ಬಿದ್ದು ಮೂವರು ಹಿರಿಯರ ಮಾತು ಅದರೊಡನೆ ಹೋಯಿತು. ಅವರಲ್ಲಿ ತೊಂಬತ್ತು ದಾಟಿದ್ದ ಒಬ್ಬ ತಾಯಿ ಮುಂದಿನ ಮಳೆಗಾಲದಲ್ಲಿ ತೀರಿಕೊಂಡರು. ಅವರ ಅಂತ್ಯಕ್ರಿಯೆಯ ಪೂಜೆಯನ್ನು ಅರ್ಪಿಸುವಾಗ ನಮ್ಮ ಮನಸ್ಸಿನಲ್ಲಿದ್ದುದು ಆ ಬಾವಿ.

ಕೆಲಸ ಮುಗಿದು ಹಾಳೆಗಳೆಲ್ಲ ಸಭಾಂಗಣದ ಗೋಡೆಗೇರಿದಾಗ ಹಿರಿಯರಲ್ಲಿ ಕೆಲವರಿಗೆ ಬೇಸರವಾಯಿತು. ಇದೇ ಸ್ಮರಣ ಸಂಚಿಕೆಯ ಚರಿತ್ರೆಯ ಲೇಖನದಲ್ಲಿ "1784ರ ಫೆಬ್ರವರಿ 24, ವಿಭೂತಿ ಬುಧವಾರ" ಎಂದು ಮೊಳೆ ಜೋಡಿಸಿದ ಹಾಗೆ ಬರೆದು ಮುದ್ರಣಾಲಯಕ್ಕೆ ಕಳುಹಿಸಿಯಾಗಿತ್ತು. ಪಾಲನಾ ಮಂಡಳಿಯ ಸಭೆಯಲ್ಲಿ ಹಿರಿಯರೊಬ್ಬರು, "ಫಾದರ್, ನಮ್ಮ ಅಪ್ಪಂದಿರು ಅತ್ತ ದಿನವನ್ನು ಶಾಲೆಯ ಮಕ್ಕಳು ಬದಲಿಸುವುದೇ?" ಎಂದು ಕೇಳಿದರು. ಅವರ ಕಂಠ ಗದ್ಗದವಾಗಿತ್ತು; ಅವರ ನೋವನ್ನು ನಾವು ಹಗುರವಾಗಿ ಕಾಣಲಿಲ್ಲ. ನಾವು ಆ ಹಿಂದಿನ ಬೆಂಚಿನ ಹುಡುಗಿಯನ್ನೇ ಕರೆಸಿದೆವು. ಅವಳು ನಡುಗುವ ಕೈಯಿಂದ ಕರಿಹಲಗೆಯ ಮೇಲೆ ನಲವತ್ತಾರು ದಿನಗಳನ್ನು ಹಿಂದಕ್ಕೆ ಎಣಿಸಿ ತೋರಿಸಿದಳು. ಹಿರಿಯರು ತಮ್ಮ ಬೆರಳಿನ ಮೇಲೆ ತಾವೂ ಎಣಿಸಿದರು. ಎರಡು ಸಲ ಎಣಿಸಿದರು. ಆಮೇಲೆ, "ಹಾಗಾದರೆ ವಿಭೂತಿ ಬುಧವಾರ ಎಂದು ಮಾತ್ರ ಇರಲಿ, ತಾರೀಖು ಬೇಡ, ನನ್ನ ಅಜ್ಜಿ ಎಂದೂ ತಾರೀಖು ಹೇಳಿದವಳಲ್ಲ" ಎಂದರು. ಸಂಚಿಕೆಯ ಆ ಲೇಖನದಲ್ಲಿ ಈಗ ತಾರೀಖಿಲ್ಲದಿರುವುದಕ್ಕೆ ಇದೇ ಕಾರಣ. ಮುದ್ರಣ ದೋಷವೆಂದು ಯಾರೂ ನಮಗೆ ಪತ್ರ ಬರೆಯಬೇಕಾಗಿಲ್ಲ.

ಬೆಡ್‌ಶೀಟಿನ ನಕ್ಷೆ ಈ ಸಭಾಂಗಣದ ಬಲಗಡೆಯ ಗೋಡೆಯ ಮೇಲಿದೆ. ಚಹಾ ವಿರಾಮದಲ್ಲಿ ತಾವೆಲ್ಲರೂ ನೋಡಬೇಕು. ಹೋಗುವ ದಾರಿಗೆ ಕಪ್ಪು ನೂಲು, ಹಿಂದಿರುಗಿದ ದಾರಿಗೆ ಕೆಂಪು ನೂಲು ಹೊಲಿದಿದ್ದಾರೆ. ಕೆಂಪು ನೂಲು ಕಪ್ಪಿಗಿಂತ ಬಹಳ ತೆಳ್ಳಗಿದೆ. ನೂಲು ಸಾಲದೆ ಹೋಯಿತೆಂದು ಒಬ್ಬ ಸಂದರ್ಶಕರು ಕೇಳಿದರಂತೆ. ಅಲ್ಲ, ಸಂಖ್ಯೆಯ ಗುಂಪಿನವರು ಎಣಿಸಿ ಹೇಳಿದ ಎಳೆಗಳವು. ಕೇಳಿದರೆ ವಿವರಿಸಲು ಆ ಬಾಲಿಕೆ ನಕ್ಷೆಯ ಬಳಿಯೇ ನಿಂತಿದ್ದಾಳೆ.